ಪೈಪ್‌ನಲ್ಲಿ ಅಡಗಿರುವ ಗಿಡ: ಮಾರಿಯೋ ಆಟಗಳ ಪಿರಾನಾ ಪ್ಲಾಂಟ್ ದಾಟಲು ಸಮಗ್ರ ಮಾರ್ಗದರ್ಶಿ

ಮಾರಿಯೋ ವಿಡಿಯೋ ಗೇಮ್ ಆಡಲು ಕೂತವರು ಮೊದಲ ಅರ್ಧ ನಿಮಿಷದಲ್ಲಿ ಕಲಿಯುವುದು ಒಂದೇ: ಎದುರಿಗೆ ಬಂದವರ ತಲೆ ಮೇಲೆ ಹಾರಿ ತುಳಿಯಿರಿ. ಅಣಬೆಯಂಥ ಶತ್ರು ಗೂಂಬಾ ಚಪ್ಪಟೆಯಾಗುತ್ತದೆ, ಆಮೆ ಚಿಪ್ಪಿನೊಳಗೆ ಹೋಗುತ್ತದೆ. ಆಮೇಲೆ ಪೈಪ್‌ನಿಂದ ಒಂದು ಗಿಡ ಬಾಯಿ ತೆರೆದುಕೊಂಡು ಮೇಲೆ ಬರುತ್ತದೆ. ಅದೇ ಪಾಠ ನಂಬಿ ಹಾರಿದರೆ ಒಂದು ಲೈಫ್ ಹೋಯಿತು.

ಈ ಗಿಡದ ಹೆಸರು ಪಿರಾನಾ ಪ್ಲಾಂಟ್. ಜಪಾನಿನಲ್ಲಿ ಪಕ್ಕುನ್ ಫ್ಲವರ್. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಶುರುವಾಗಿ ಇವತ್ತಿನವರೆಗೂ ಸರಣಿಯಲ್ಲಿ ಉಳಿದುಕೊಂಡಿದೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 'ಟಿವಿ ಗೇಮ್' ಡಬ್ಬಿಗಳಲ್ಲಿ ಕ್ಯಾಸೆಟ್ ಹಾಕಿ ಆಡಿದವರಿಗೂ ಇದರ ಕಚಕಚ ಬಾಯಿ ಗೊತ್ತಿರುತ್ತದೆ. ಆದರೆ ವರ್ಷಗಟ್ಟಲೆ ಆಡಿದವರೂ ಇದನ್ನು ಬರೀ ಅದೃಷ್ಟದ ಮೇಲೆ ದಾಟುತ್ತಾರೆ. ಅದೃಷ್ಟದ ಅಗತ್ಯವೇ ಇಲ್ಲ. ಗಿಡಕ್ಕೆ ಗಟ್ಟಿಯಾದ ನಿಯಮಗಳಿವೆ. ಅದರಲ್ಲಿ ಮುಖ್ಯವಾದದ್ದು ನಮ್ಮ ಭಯ ಹೇಳುವುದಕ್ಕೆ ಪೂರ್ತಿ ಉಲ್ಟಾ ಇದೆ: ದೂರ ನಿಲ್ಲಬೇಡಿ, ಹತ್ತಿರ ಹೋಗಿ.

ಹೆಜ್ಜೆ 1: ಹತ್ತಿರ ಹೋಗುವುದನ್ನು ಕಲಿಯಿರಿ

ಮೊದಲ ಸೂಪರ್ ಮಾರಿಯೋ ಬ್ರದರ್ಸ್‌ನಿಂದಲೇ ಶುರು ಮಾಡೋಣ. ಉಳಿದ ಆಟಗಳ ಗಿಡಗಳೆಲ್ಲ ಇಲ್ಲಿಂದಲೇ ಕವಲೊಡೆದಿವೆ.

ಪೈಪ್‌ನೊಳಗೆ ಅಡಗಿ ಕೂತ ಗಿಡ ಹೊರಗೆ ಬರುವ ಮುನ್ನ ಒಂದೇ ಒಂದು ವಿಷಯ ನೋಡುತ್ತದೆ: ಮಾರಿಯೋ ಎಷ್ಟು ದೂರದಲ್ಲಿದ್ದಾನೆ? ಅಡ್ಡಡ್ಡ ಅಳೆದರೆ ಇಬ್ಬರ ನಡುವೆ 33 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಗಿಡ ಏಳುವುದಿಲ್ಲ. ಆಟದ ಒಂದು ಇಟ್ಟಿಗೆ 16 ಪಿಕ್ಸೆಲ್ ಅಗಲ. ಅಂದರೆ ಹೆಚ್ಚುಕಡಿಮೆ ಎರಡು ಇಟ್ಟಿಗೆಯಷ್ಟು ಜಾಗ. ಗಿಡ ಇರುವುದು ಪೈಪ್‌ನ ನಡುವೆ. ಹಾಗಾಗಿ ಪೈಪ್‌ನ ಗೋಡೆಗೆ ಮೈ ತಾಗಿಸಿ ನಿಂತರೂ, ಪೈಪ್‌ನ ನೆತ್ತಿ ಮೇಲೆ ನಿಂತರೂ ನೀವು ಆ ಅಳತೆಯ ಒಳಗೇ ಇರುತ್ತೀರಿ. ಎಷ್ಟು ಹೊತ್ತು ಬೇಕಾದರೂ ನಿಲ್ಲಿ, ಅದು ಬರುವುದಿಲ್ಲ.

ಇಲ್ಲಿ ಎರಡು ಸೂಕ್ಷ್ಮ ಇವೆ. ಜನ ಎಡವುವುದು ಇವೆರಡರಲ್ಲೇ.

ಒಂದು, ಗಿಡ ಈ ಲೆಕ್ಕ ಹಾಕುವುದು ಒಳಗಿಂದ ಹೊರಡುವ ಕ್ಷಣದಲ್ಲಿ ಮಾತ್ರ. ಒಮ್ಮೆ ಹೊರಟಿತು ಅಂದರೆ ಮುಗಿಯಿತು. ನೀವು ಆಮೇಲೆ ಓಡಿ ಬಂದು ಪಕ್ಕದಲ್ಲಿ ನಿಂತರೂ ಅದು ಅರ್ಧ ದಾರಿಯಿಂದ ವಾಪಸ್ ಹೋಗುವುದಿಲ್ಲ. ಮೇಲೆ ಬಂದು, ತನ್ನ ಹೊತ್ತು ಮುಗಿಸಿಯೇ ಇಳಿಯುತ್ತದೆ. 'ಪಕ್ಕದಲ್ಲೇ ಇದ್ದೆ, ಆದರೂ ಕಚ್ಚಿತು' ಅಂತ ಬೈಯುವವರ ಕಥೆ ಬಹುಮಟ್ಟಿಗೆ ಇದೇ.

ಎರಡು, ಎತ್ತರ ಲೆಕ್ಕಕ್ಕಿಲ್ಲ. ನೀವು ಗಾಳಿಯಲ್ಲಿ ಹಾರುತ್ತಾ ಪೈಪ್‌ನ ಮೇಲೆ ಇದ್ದರೂ ಅದಕ್ಕೆ ನೀವು ಹತ್ತಿರವೇ. ಆದ್ದರಿಂದ ಗಿಡ ಒಳಗಿದ್ದಾಗ ಪೈಪ್‌ನ ಬುಡದಿಂದ ಹಾರಿದರೆ, ಆ ಹಾರಾಟ ಮುಗಿಯುವವರೆಗೂ ಸೇಫ್. ದೂರದಿಂದ ಓಡಿ ಬಂದು ಹಾರಿದರೆ ಮಾತ್ರ ಅಪಾಯ. ನೀವು ನೆಲ ಬಿಡುವಾಗ ದೂರ ಇದ್ದಿರಿ, ಅದೇ ಕ್ಷಣಕ್ಕೆ ಗಿಡ ಹೊರಟಿತು, ನೀವು ಇಳಿಯುವ ಹೊತ್ತಿಗೆ ಬಾಯಿ ಸಿದ್ಧ.

ಇನ್ನು ಹೊತ್ತಿನ ಲೆಕ್ಕ. ಮೇಲೆ ಬರಲು ಒಂದು ಸೆಕೆಂಡ್‌ಗಿಂತ ಸ್ವಲ್ಪ ಕಡಿಮೆ, ಮೇಲೆ ನಿಲ್ಲುವುದು ಸುಮಾರು ಒಂದು ಸೆಕೆಂಡ್, ಇಳಿಯಲು ಮತ್ತೆ ಅಷ್ಟೇ, ಒಳಗೆ ಸುಮಾರು ಒಂದು ಸೆಕೆಂಡ್. ಟ್ರಾಫಿಕ್ ಸಿಗ್ನಲ್ ಹಾಗೆ, ನಿಮ್ಮ ಅವಸರ ಅದಕ್ಕೆ ಸಂಬಂಧವಿಲ್ಲ. ಒಂದು ಸುತ್ತು ಸುಮ್ನೆ ನಿಂತು ನೋಡಿ. ಮನಸ್ಸಿನಲ್ಲಿ ಎಣಿಸಿ. ಎರಡನೇ ಸುತ್ತಿಗೆ ಕೈ ತಾನೇ ಹೊಂದಿಕೊಳ್ಳುತ್ತದೆ.

ಹೊಸಬರಿಗೆ ಒಂದು ಮಾತು: ದೊಡ್ಡ ಟಿವಿಯಲ್ಲಿ ಆಡುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಬಟನ್ ಒತ್ತಿದ ಮೇಲೆ ಚಿತ್ರ ತಡವಾಗಿ ಬಂದರೆ ಈ ಎಣಿಕೆ ಎಲ್ಲ ವ್ಯರ್ಥ.

ಹೆಜ್ಜೆ 2: ವರ್ಲ್ಡ್ 1-2ರಲ್ಲಿ ಅಭ್ಯಾಸ

1-1ರಲ್ಲಿ, ಅಂದರೆ ಮೊದಲ ವರ್ಲ್ಡ್‌ನ ಮೊದಲ ಲೆವೆಲ್‌ನಲ್ಲಿ, ಪೈಪ್‌ಗಳಿವೆ, ಗಿಡ ಒಂದೂ ಇಲ್ಲ. ಇದು ಆಕಸ್ಮಿಕ ಅಲ್ಲ. ಆಟ ಪೈಪ್ ಬಿಡಿಸುವಾಗಲೆಲ್ಲ 'ಇದು 1-1 ಏನು?' ಅಂತ ಕೇಳಿಕೊಳ್ಳುತ್ತದೆ. ಹೌದಾದರೆ ಗಿಡ ಹಾಕುವುದೇ ಇಲ್ಲ. ಆಡುವವರು ಮೊದಲು ಪೈಪ್ ಅಂದರೆ ಏನು ಅಂತ ನೆಮ್ಮದಿಯಾಗಿ ತಿಳಿಯಲಿ ಎನ್ನುವ ಕಾಳಜಿ ಅದು. ಮುಂದಿನ ಲೆವೆಲ್‌ನಲ್ಲೇ ಆ ಕಾಳಜಿ ಮುಗಿಯುತ್ತದೆ, ಬಿಡಿ.

1-2 ಅಂದರೆ ನೆಲದಡಿಯ ಲೆವೆಲ್. ಅದರ ಕೊನೆಯ ಭಾಗದಲ್ಲಿ ಮೂರು ಪೈಪ್ ಸಾಲಾಗಿ ಬರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೀಗೆ ಮಾಡಿ:

ಮೊದಲ ಪೈಪ್‌ಗೆ ನಾಲ್ಕು ಇಟ್ಟಿಗೆ ದೂರದಲ್ಲಿ ನಿಲ್ಲಿ. ಗಿಡ ಬಂದು ಇಳಿಯಲು ಶುರು ಮಾಡಿದ ತಕ್ಷಣ ನಡೆದು ಹೋಗಿ ಪೈಪ್‌ಗೆ ಒರಗಿ. ಓಡಬೇಡಿ, ನಡೆದರೆ ಸಾಕು. ಗಿಡ ಪೂರ್ತಿ ಒಳಗೆ ಹೋಗುವವರೆಗೆ ಹಾರಬೇಡಿ. ಹೋದ ಮೇಲೆ ನೆಟ್ಟಗೆ ಹಾರಿ ಪೈಪ್ ಮೇಲೆ ನಿಲ್ಲಿ. ಈಗ ನಿಮ್ಮ ಕಾಲ ಕೆಳಗಿನ ಗಿಡ ಬಂಧಿ. ಅಲ್ಲಿ ನಿಂತುಕೊಂಡೇ ಎರಡನೇ ಪೈಪ್ ನೋಡಿ. ಅದರ ಗಿಡ ಒಳಗೆ ಇಳಿಯುವಾಗ ಹೊರಡಿ. ಮೂರನೆಯದಕ್ಕೂ ಇದೇ ಕ್ರಮ.

ಮೊದಲ ಪೈಪ್ ಮೇಲೆ ನಿಂತು ಕೆಳಗಿನ ಬಟನ್ ಒತ್ತಿದರೆ ನಾಣ್ಯಗಳ ಕೋಣೆಗೆ ಹೋಗಬಹುದು. ಗಿಡ ಇದೆ ಅಂದ ಮಾತ್ರಕ್ಕೆ ಪೈಪ್ ಮುಚ್ಚಿದೆ ಎಂದುಕೊಳ್ಳಬೇಡಿ. ಎಷ್ಟೋ ಕಡೆ ಗಿಡ ಕಾಯುತ್ತಿರುವುದೇ ಒಳಗೆ ಹೋಗುವ ದಾರಿಯನ್ನು.

ಇದೇ ಲೆವೆಲ್‌ನ ಮೇಲ್ಛಾವಣಿ ಮೇಲೆ ಓಡಿ ವಾರ್ಪ್ ಜೋನ್‌ಗೆ, ಅಂದರೆ ಪೈಪ್ ಇಳಿದು ಮುಂದಿನ ವರ್ಲ್ಡ್‌ಗಳಿಗೆ ನೇರ ಹೋಗುವ ಕೋಣೆಗೆ, ಹೋಗಿದ್ದೀರಾ? ಅಲ್ಲಿ ಪರದೆಯ ಮೇಲೆ ಸ್ವಾಗತದ ಸಾಲು ಮೂಡಿದ ಕ್ಷಣಕ್ಕೆ ಗಿಡಗಳೆಲ್ಲ ಮಾಯವಾಗುತ್ತವೆ. ಆಟವೇ ಅವನ್ನು ಅಳಿಸಿಹಾಕುತ್ತದೆ. ಅಕ್ಷರ ಕಾಣುವವರೆಗೆ ತಾಳ್ಮೆ ಇರಲಿ, ಆಮೇಲೆ ಯಾವ ಪೈಪ್ ಬೇಕೋ ಹತ್ತಿ.

ಹೆಜ್ಜೆ 3: ಬೆಂಕಿ ಇದ್ದರೆ ಬಳಸಿ, ಆದರೆ ಹೀಗೆ

ಬೆಂಕಿ ಉಂಡೆ ಎಸೆಯುವ ಶಕ್ತಿ ಕೊಡುವ ಫೈರ್ ಫ್ಲವರ್ ಸಿಕ್ಕಿದ್ದರೆ ಒಂದೇ ಫೈರ್‌ಬಾಲ್‌ಗೆ ಗಿಡ ಸಾಯುತ್ತದೆ, 200 ಪಾಯಿಂಟ್ ಬರುತ್ತದೆ. ಸಮಸ್ಯೆ ಗುರಿಯದ್ದು. ಫೈರ್‌ಬಾಲ್ ನೆಲದ ಮೇಲೆ ಪುಟಿಯುತ್ತಾ ಹೋಗುತ್ತದೆ. ಪೈಪ್‌ನ ಗೋಡೆಗೆ ತಾಗಿದರೆ ಅಲ್ಲೇ ಟುಸ್. ನೆಲದ ಮೇಲೆ ನಿಂತು ಎಷ್ಟು ಹೊಡೆದರೂ ಎತ್ತರದ ಪೈಪ್‌ನ ಗಿಡಕ್ಕೆ ಏನೂ ಆಗುವುದಿಲ್ಲ. ಹಾರಿ, ಪೈಪ್‌ನ ಅಂಚಿಗಿಂತ ಮೇಲೆ ಇರುವಾಗ ಹೊಡೆಯಿರಿ. ಒಂದು ಸಲಕ್ಕೆ ಪರದೆ ಮೇಲೆ ಎರಡೇ ಫೈರ್‌ಬಾಲ್ ಇರಬಹುದು. ಎರಡೂ ವ್ಯರ್ಥವಾದರೆ ಅವು ಹೋಗುವವರೆಗೆ ಕಾಯಬೇಕು.

ಬೆಂಕಿಗೆ ಗಿಡ ಹೊರಗೆ ಇರಬೇಕು. ನೀವು ಹತ್ತಿರ ಇದ್ದರೆ ಅದು ಬರುವುದಿಲ್ಲ. ಆದ್ದರಿಂದ ಕೊಲ್ಲಬೇಕಾದರೆ ದೂರ, ದಾಟಬೇಕಾದರೆ ಹತ್ತಿರ. ಎರಡರ ನಡುವೆ ಮನಸ್ಸು ತೂಗಾಡಿದರೆ ಕಚ್ಚಿಸಿಕೊಳ್ಳುವುದು ಖಚಿತ. ನನ್ನ ಕೇಳಿದರೆ ದಾಟುವುದೇ ಮೇಲು. 200 ಪಾಯಿಂಟ್‌ಗೆ ಬೆಂಕಿ ಕಳೆದುಕೊಳ್ಳುವುದು ಲಾಭದ ವ್ಯಾಪಾರ ಅಲ್ಲ.

ಸ್ವಲ್ಪ ಹೊತ್ತು ಯಾವ ಶತ್ರುವೂ ಏನೂ ಮಾಡದಂತೆ ಕಾಯುವ ಸ್ಟಾರ್ ಇದ್ದರೆ ನೇರ ಓಡಿ. ಏಟು ತಿಂದು ಮಾರಿಯೋ ಮಿನುಗುತ್ತಿರುವ ಆ ಚಿಕ್ಕ ಹೊತ್ತಿನಲ್ಲೂ ಗಿಡದ ಮೂಲಕ ಹಾದು ಹೋಗಬಹುದು. ಕೊನೆಯ ಲೆವೆಲ್‌ಗಳಲ್ಲಿ ಇದು ಕೈ ಹಿಡಿಯುತ್ತದೆ.

ಹೆಜ್ಜೆ 4: ಕೆಂಪು ಬಣ್ಣ ಕಂಡರೆ ನಿಯಮ ಬದಲು

1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಆಟವನ್ನು ಹೊರದೇಶದವರು 1993ರ ಸೂಪರ್ ಮಾರಿಯೋ ಆಲ್-ಸ್ಟಾರ್ಸ್‌ನಲ್ಲಿ 'ದ ಲಾಸ್ಟ್ ಲೆವೆಲ್ಸ್' ಎಂಬ ಹೆಸರಲ್ಲಿ ಕಂಡರು. ಮೊದಲ ಆಟವನ್ನು ಅರೆದು ಕುಡಿದವರಿಗೇ ಮಾಡಿದ ಆಟ. ಹಾಗಾಗಿ ಹೆಜ್ಜೆ 1ರಲ್ಲಿ ಕಲಿತದ್ದನ್ನೇ ನಿಮ್ಮ ವಿರುದ್ಧ ತಿರುಗಿಸುತ್ತದೆ.

ಇಲ್ಲಿನ ಕೆಂಪು ಗಿಡ ನೀವು ಪೈಪ್‌ನ ಪಕ್ಕ ನಿಂತಿದ್ದರೂ ಹೊರಗೆ ಬರುತ್ತದೆ. ಅದರ ಅಳತೆ ತುಂಬ ಸಣ್ಣದು. ಪೈಪ್‌ನ ನೆತ್ತಿ ಮೇಲೆ ನಿಂತರೆ ಮಾತ್ರ ಅಡಗಿರುತ್ತದೆ. ಅಂದರೆ 'ಒರಗಿ ನಿಂತು ಕಾಯಿರಿ' ಎಂಬ ಹಂತ ಬಿಡಬೇಕು. ಗಿಡ ಇಳಿಯುತ್ತಿದ್ದ ಹಾಗೇ ಲೆಕ್ಕ ಹಾಕಿ ಹೊರಟು, ಅದು ಒಳಗೆ ಹೋದ ಕ್ಷಣಕ್ಕೆ ನೆತ್ತಿ ಮೇಲೆ ಕಾಲಿಡಬೇಕು. ಮೇಲಿನಿಂದ ತಲೆಕೆಳಗಾಗಿ ನೇತಾಡುವ ಪೈಪ್‌ಗಳಲ್ಲೂ ಗಿಡಗಳಿವೆ. ಅವುಗಳ ಅಡಿಯಲ್ಲಿ ಹಾರಿದರೆ ತಲೆಯೇ ಬಾಯಿಗೆ. ಅಲ್ಲಿ ನೆಲದ ಮೇಲೆ ನಡೆದು ಹೋಗುವುದೇ ಜಾಣತನ.

ಒಂದು ಎಚ್ಚರಿಕೆ: ಕೆಂಪು ಅಂದರೆ ಎಲ್ಲ ಆಟದಲ್ಲೂ ಇದೇ ನಿಯಮ ಅಲ್ಲ. ಮುಂದೆ ಬಂದ ಬಹುತೇಕ ಆಟಗಳಲ್ಲಿ ಸಾಮಾನ್ಯ ಗಿಡದ ಬಣ್ಣವೇ ಕೆಂಪು. ಹೊಸ ಆಟ ಹಿಡಿದಾಗ ಮೊದಲ ಗಿಡದ ಪೈಪ್ ಪಕ್ಕ ನಿಂತು ಒಮ್ಮೆ ಪರೀಕ್ಷೆ ಮಾಡಿ.

ಹೆಜ್ಜೆ 5: ಸೂಪರ್ ಮಾರಿಯೋ ಬ್ರದರ್ಸ್ 3ರ ಗಿಡಗಳ ಸಂಸಾರ

1988ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಒಂದು ಗಿಡ ಹೋಗಿ ಒಂದು ಕುಟುಂಬವೇ ಆಯಿತು. ವರ್ಲ್ಡ್ 7ರ ಹೆಸರೇ ಪೈಪ್ ಲ್ಯಾಂಡ್. ಅಲ್ಲಿ ನಕ್ಷೆಯ ಮೇಲೆ ಗಿಡದ ಚಿತ್ರ ಇರುವ ಲೆವೆಲ್‌ಗಳೂ ಇವೆ. ಸರಣಿಯಲ್ಲಿ ಗಿಡಗಳಿಗೆ ಅತಿ ಜಾಸ್ತಿ ತಲೆ ಓಡಿಸಿದ ಆಟ ಇದೇ ಎನ್ನುವುದು ನನ್ನ ಅಭಿಪ್ರಾಯ.

ವೀನಸ್ ಫೈರ್ ಟ್ರ್ಯಾಪ್: ಈಗಿನ ಆಟಗಳಲ್ಲಿ ಫೈರ್ ಪಿರಾನಾ ಪ್ಲಾಂಟ್ ಅಂತ ಕರೆಯುತ್ತಾರೆ. ಮೊದಲ ಲೆವೆಲ್‌ನಲ್ಲೇ ಸಿಗುತ್ತದೆ. ಇದು ನಿಮ್ಮ ಕಡೆ ಮುಖ ತಿರುಗಿಸಿ ಬೆಂಕಿ ಉಗುಳುತ್ತದೆ. ದೂರ ನಿಂತು ಕಾಯುವ ಅಭ್ಯಾಸ ಇರುವವರಿಗೆ ಇದೇ ಕಂಟಕ, ಯಾಕೆಂದರೆ ದೂರವೇ ಇದರ ಅನುಕೂಲ. ಬೆಂಕಿ ಗೋಡೆ, ಇಟ್ಟಿಗೆ ಯಾವುದಕ್ಕೂ ನಿಲ್ಲದೆ ತೂರಿ ಬರುತ್ತದೆ. ಮರೆಯಲ್ಲಿ ನಿಂತೆ ಅಂದುಕೊಳ್ಳಬೇಡಿ. ಆದರೆ ಬಾಯಿ ಬಿಟ್ಟ ಮೇಲೆ ಬೆಂಕಿ ನೇರ ಗೆರೆಯಲ್ಲೇ ಹೋಗುತ್ತದೆ, ನಿಮ್ಮನ್ನು ಹಿಂಬಾಲಿಸುವುದಿಲ್ಲ. ಕ್ರಮ ಹೀಗೆ: ಗಿಡ ಏಳಲಿ, ಉಗುಳಲಿ, ನೀವು ಆ ಗೆರೆಯಿಂದ ಸರಿಯಿರಿ, ಅದು ಇಳಿಯುವಾಗ ನುಗ್ಗಿ ಪೈಪ್ ಪಕ್ಕ ಸೇರಿಕೊಳ್ಳಿ. ಪಕ್ಕ ಸೇರಿದ ಮೇಲೆ ಹಳೆಯ ನಿಯಮ ಇಲ್ಲೂ ನಡೆಯುತ್ತದೆ, ಗಿಡ ಏಳುವುದಿಲ್ಲ, ಬೆಂಕಿಯೂ ಇಲ್ಲ.

ಮಾರಿಯೋಗೆ ಎಲೆಯಿಂದ ಸಿಗುವ ರಕೂನ್ ಬಾಲ ಇದ್ದರೆ ಬೀಸಿ ಗಿಡ ಉರುಳಿಸಬಹುದು. ಗಿಡದ ಮಟ್ಟಕ್ಕೆ ನೀವು ಇರಬೇಕು ಅಷ್ಟೇ. ಒದ್ದ ಚಿಪ್ಪೂ ಕೆಲಸ ಮಾಡುತ್ತದೆ. ಸುತ್ತಿಗೆ ಎಸೆಯಲು ಬಿಡುವ ಹ್ಯಾಮರ್ ಸೂಟ್ ಸಿಕ್ಕಿದರಂತೂ ಹಬ್ಬ. ಕುಕ್ಕರಗಾಲಲ್ಲಿ ಕೂತರೆ ಬೆನ್ನಿನ ಚಿಪ್ಪು ಬೆಂಕಿಯನ್ನು ತಡೆಯುತ್ತದೆ.

ಟೂಯಿ: ಮುಳ್ಳುಚೆಂಡನ್ನು ಉಸಿರಿನಿಂದ ಮೇಲೆ ಕೆಳಗೆ ಆಡಿಸುವ ಗಿಡ. ಕೆಲವು ನಡೆದಾಡುತ್ತವೆ ಕೂಡ. ಇಲ್ಲಿ ಗಿಡ ಅಲ್ಲ, ಚೆಂಡು ನೋಡಿ. ಚೆಂಡು ಕೆಳಗೆ ಬಂದಾಗ ಎತ್ತರಕ್ಕೆ ಹಾರಿ ದಾಟಬೇಕು. ಫೈರ್‌ಬಾಲ್ ಇದ್ದರೆ ಆಟವಾಡದೆ ಸುಟ್ಟುಬಿಡಿ.

ನಿಪ್ಪರ್: ಪುಟ್ಟ ಬಿಳಿ ಗಿಡ. ನೆಲದಲ್ಲೇ ಕೂತು ಬಾಯಿ ಆಡಿಸುತ್ತಿರುತ್ತದೆ. ಮೇಲಿಂದ ಹಾರಿ ಹೋಗುತ್ತೀರಿ ಅಂದುಕೊಳ್ಳಿ, ಅದೂ ಹಾರುತ್ತದೆ. ಆದ್ದರಿಂದ ಇದರ ನೆತ್ತಿ ಮೇಲೆ ಹೊತ್ತು ಕಳೆಯಬೇಡಿ. ಓಟದ ವೇಗದಲ್ಲಿ ಉದ್ದ ಹಾರಿ ದಾಟಿ.

ಮಂಚರ್: ಕಪ್ಪು ಬಣ್ಣದ್ದು, ಸಾಲುಸಾಲಾಗಿ ಹಾಸಿರುತ್ತದೆ. ಇದನ್ನು ಶತ್ರು ಅಂತ ನೋಡಬೇಡಿ, ಹಲ್ಲಿರುವ ನೆಲ ಅಂತ ನೋಡಿ. ಫೈರ್‌ಬಾಲ್‌ಗೆ ಜಗ್ಗುವುದಿಲ್ಲ. ಸ್ಟಾರ್ ಇದ್ದರೆ ಮೇಲೆ ಓಡಿ ದಾಟಬಹುದು, ಆದರೆ ಗಿಡ ಸಾಯುವುದಿಲ್ಲ. ಸ್ಟಾರ್ ಮುಗಿಯುವಾಗ ಮಧ್ಯದಲ್ಲಿ ಇರಬೇಡಿ. ವರ್ಲ್ಡ್ 5-3ರಲ್ಲಿ ಗೂಂಬಾ ಓಡಿಸುವ ಹಸಿರು ಬೂಟನ್ನು ಕಿತ್ತುಕೊಂಡರೆ ಮಂಚರ್‌ಗಳ ಮೇಲೆ ಕುಪ್ಪಳಿಸುತ್ತಾ ಹೋಗಬಹುದು. ಆ ಬೂಟು ಇಡೀ ಆಟದಲ್ಲಿ ಆ ಒಂದೇ ಲೆವೆಲ್‌ನಲ್ಲಿ ಸಿಗುತ್ತದೆ. ಎಂಥ ಅನ್ಯಾಯ ಅಲ್ವಾ!

ಹೆಜ್ಜೆ 6: ಸೂಪರ್ ಮಾರಿಯೋ ವರ್ಲ್ಡ್ ಮತ್ತು ಯೋಶಿಯ ದ್ವೀಪ

1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಗಿಡ ಪೈಪ್‌ನಲ್ಲಿ ಮೆಲ್ಲಗೆ ಏಳುವುದನ್ನು ಬಿಟ್ಟು ಜಿಗಿಯಲು ಕಲಿತಿದೆ. ಮೇಲಕ್ಕೆ ಚಿಮ್ಮಿ, ಎಲೆಗಳನ್ನು ಬೀಸುತ್ತಾ ನಿಧಾನಕ್ಕೆ ಇಳಿಯುತ್ತದೆ. ಕೆಲವು ಮೇಲೆ ಹೋದಾಗ ಬೆಂಕಿಯನ್ನೂ ಉದುರಿಸುತ್ತವೆ. ಏರುವುದು ಬೇಗ, ಇಳಿಯುವುದು ತಡ, ಆದ್ದರಿಂದ ನಿಮ್ಮ ಹಳೆಯ ಎಣಿಕೆ ಇಲ್ಲಿ ನಡೆಯುವುದಿಲ್ಲ. ಇಳಿದು ಮುಗಿಯುವವರೆಗೆ ಕಾಯಿರಿ. ಕೇಪ್ ಇದ್ದರೆ ತಿರುಗಿ ಬೀಸಿ. ಫೈರ್‌ಬಾಲ್‌ಗೆ ಗಿಡ ನಾಣ್ಯವಾಗುತ್ತದೆ.

ಮಂಚರ್ ಇಲ್ಲೂ ಇದೆ, ಆದರೆ ಪರಿಹಾರವೂ ಇದೆ. ಮಾರಿಯೋ ಸವಾರಿ ಮಾಡುವ ಡೈನೋಸಾರ್ ಯೋಶಿ ಮೇಲೆ ಕೂತರೆ ಅವುಗಳ ಮೇಲೆ ಆರಾಮಾಗಿ ನಡೆಯಬಹುದು. ಬೆಳ್ಳಿ ಬಣ್ಣದ ಪಿ ಸ್ವಿಚ್ ತುಳಿದರೆ ಸ್ವಲ್ಪ ಹೊತ್ತು ಮಂಚರ್‌ಗಳೆಲ್ಲ ಬೆಳ್ಳಿ ನಾಣ್ಯಗಳಾಗುತ್ತವೆ. ಸಂಗೀತ ಬದಲಾಗಿರುವವರೆಗೆ ಅವಕಾಶ.

ಯೋಶಿಸ್ ಐಲ್ಯಾಂಡ್ ಬಂದದ್ದು 1995ರಲ್ಲಿ. ಅದರ 3-8ರ ಕೊನೆಗೆ ನೇವಲ್ ಪಿರಾನಾ ಎಂಬ ಬಾಸ್, ಅಂದರೆ ಲೆವೆಲ್ ಕೊನೆಯ ದೊಡ್ಡ ಶತ್ರು, ಇದೆ. ಕ್ರಮವಾಗಿ ಹೋದರೆ ಮಾಂತ್ರಿಕ ಕಮೆಕ್ ಬಂದು ಸಣ್ಣ ಗಿಡವನ್ನು ರಾಕ್ಷಸನಂತೆ ದೊಡ್ಡದು ಮಾಡುತ್ತಾನೆ. ಆಮೇಲೆ ಮೊಟ್ಟೆಯನ್ನು ನೀರಿನ ಮೇಲೆ ಪುಟಿಸಿ ಅದರ ಹೊಕ್ಕುಳಿಗೆ ಹೊಡೆಯಬೇಕು. ಆದರೆ ಕ್ರಮವಾಗಿ ಹೋಗಲೇಬೇಕೆಂದಿಲ್ಲ! ಕೋಣೆಗೆ ಬಂದ ಕೂಡಲೇ, ಕಮೆಕ್ ಕಾಣಿಸಿಕೊಳ್ಳುವಷ್ಟು ಮುಂದೆ ಹೋಗದೆ, ಎಡಗಡೆಯಿಂದಲೇ ಒಂದು ಮೊಟ್ಟೆಯನ್ನು ನೀರಿನ ಮೇಲೆ ಪುಟಿಸಿ ಎಸೆಯಿರಿ. ಆ ಪುಟ್ಟ ಗಿಡ ಅಲ್ಲೇ ಸಾಯುತ್ತದೆ. ಕಮೆಕ್ ಬಂದು ಬಾಯಿ ಬಿಟ್ಟು ನಿಲ್ಲುತ್ತಾನೆ. ಇದು ಆಟದ ದೋಷ ಅಲ್ಲ, ಮಾಡಿದವರೇ ಬೇಕೆಂದು ಇಟ್ಟ ತಮಾಷೆ.

ಹೆಜ್ಜೆ 7: ಮೂರು ಆಯಾಮದ ಆಟಗಳು

ಇಲ್ಲಿ ಪೈಪ್‌ನ ನಿಯಮ ಬಹುಪಾಲು ಬಿದ್ದುಹೋಗುತ್ತದೆ. ಪ್ರತಿ ಆಟಕ್ಕೂ ತನ್ನದೇ ಲೆಕ್ಕ, ಹಾಗಾಗಿ ಬೇಕಾದಷ್ಟೇ ಹೇಳುತ್ತೇನೆ.

ಸೂಪರ್ ಮಾರಿಯೋ 64, 1996: ವಾಂಪ್ಸ್ ಫೋರ್ಟ್ರೆಸ್‌ನಲ್ಲಿ ಗಿಡಗಳು ನಿದ್ದೆ ಮಾಡುತ್ತಿರುತ್ತವೆ. ಹತ್ತಿರ ಹೋದರೆ ಜೋಗುಳದ ಸಂಗೀತ ಕೇಳಿಸುತ್ತದೆ. ಓಡಿದರೆ ಏಳುತ್ತವೆ, ಕಚ್ಚುತ್ತವೆ. ಸ್ಟಿಕ್ ಅನ್ನು ಒಂಚೂರೇ ಒತ್ತಿ ತುದಿಗಾಲಲ್ಲಿ ಹೋಗಿ ಗುದ್ದಿ. ನೀಲಿ ನಾಣ್ಯ ಸಿಗುತ್ತದೆ, ಅದರ ಬೆಲೆ 5. ಪಾಪ, ಅಷ್ಟು ಚೆನ್ನಾಗಿರುವ ಸಂಗೀತಕ್ಕೆ ಮಲಗಿದವರನ್ನು ಹೊಡೆಯಲು ಮನಸ್ಸು ಬರುವುದಿಲ್ಲ. ಮುಂದೆ ಟೈನಿ-ಹ್ಯೂಜ್ ಐಲ್ಯಾಂಡ್‌ನಲ್ಲಿ ಬೆಂಕಿ ಉಗುಳುವ 5 ದೊಡ್ಡ ಗಿಡಗಳನ್ನು ಮುಗಿಸಿದರೆ ಒಂದು ಸ್ಟಾರ್.

ಸೂಪರ್ ಮಾರಿಯೋ ಸನ್‌ಶೈನ್, 2002: ಪೀಟಿ ಪಿರಾನಾ ಎಂಬ ದೈತ್ಯ. ಬಿಯಾಂಕೋ ಹಿಲ್ಸ್‌ನಲ್ಲಿ ಸಿಗುತ್ತಾನೆ. ಬಾಯಿ ತೆರೆದಾಗ ಮಾರಿಯೋ ಬೆನ್ನಿನ ಪಂಪಿನಿಂದ ಅದರೊಳಗೆ ನೀರು ಬಿಡಿ. ಹೊಟ್ಟೆ ಊದಿಕೊಂಡು ಅಂಗಾತ ಬೀಳುತ್ತಾನೆ. ಆಗ ಹೊಕ್ಕುಳ ಮೇಲೆ ಗ್ರೌಂಡ್ ಪೌಂಡ್ ಮಾಡಿ, ಅಂದರೆ ಹಾರಿ ಮೇಲಿಂದ ಧೊಪ್ಪನೆ ಬೀಳಿ. ಮೂರು ಸಲ.

ಸೂಪರ್ ಮಾರಿಯೋ ಗ್ಯಾಲಕ್ಸಿ, 2007: ಗುಡ್ ಎಗ್ ಗ್ಯಾಲಕ್ಸಿಯ ಡೈನೋ ಪಿರಾನಾ. ಇದರ ಬಾಲದ ತುದಿಯಲ್ಲಿ ಉಂಡೆ ಇದೆ. ಹಿಂದಿನಿಂದ ಹೋಗಿ ಅದಕ್ಕೆ ಸ್ಪಿನ್ ಹೊಡೆದರೆ ಉಂಡೆ ಸುತ್ತಿ ಬಂದು ಅದರ ಮೈಗೇ ಬಡಿಯುತ್ತದೆ.

ಸೂಪರ್ ಮಾರಿಯೋ 3ಡಿ ವರ್ಲ್ಡ್, 2013: ಕುಂಡದಲ್ಲಿ ನೆಟ್ಟ ಗಿಡವನ್ನು ಎತ್ತಿಕೊಂಡು ನಡೆಯಬಹುದು. ಎದುರಿಗೆ ಬಂದ ಶತ್ರುಗಳನ್ನು ಅದೇ ತಿನ್ನುತ್ತದೆ. ಮುಳ್ಳುಬಳ್ಳಿಯಂತೆ ಉದ್ದಕ್ಕೆ ಚಾಚಿಕೊಳ್ಳುವ ಪಿರಾನಾ ಕ್ರೀಪರ್ ಸಿಕ್ಕರೆ ಬಳ್ಳಿ ಮುಟ್ಟಬೇಡಿ, ತಲೆಗೇ ಹೊಡೆಯಿರಿ.

ಸೂಪರ್ ಮಾರಿಯೋ ಒಡಿಸ್ಸಿ, 2017: ಟೋಪಿ ಎಸೆದರೆ ಗಿಡ ಅದನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತದೆ. ಬಾಯಿ ತುಂಬಿರುವಾಗ ತಲೆ ಮೇಲೆ ಹಾರಿ. ಹೌದು, ಇಲ್ಲಿ ತುಳಿಯಬಹುದು. ಟೋಪಿಯ ಮೂಲಕ ಅದರೊಳಗೆ ಸೇರಿ ಅದನ್ನೇ ಆಡಿಸಬೇಕೇ? ಮೊದಲು ಕಲ್ಲಿನಂಥ ವಸ್ತು ಬಾಯಿಗೆ ಎಸೆದು, ಆಮೇಲೆ ಟೋಪಿ ಎಸೆಯಿರಿ.

2023ರ ಸೂಪರ್ ಮಾರಿಯೋ ಬ್ರದರ್ಸ್ ವಂಡರ್ ಮತ್ತೆ ಎರಡು ಆಯಾಮಕ್ಕೆ ಬಂತು. 'ಪಿರಾನಾ ಪ್ಲಾಂಟ್ಸ್ ಆನ್ ಪರೇಡ್' ಲೆವೆಲ್‌ನಲ್ಲಿ ವಂಡರ್ ಫ್ಲವರ್ ಮುಟ್ಟಿದರೆ ಗಿಡಗಳು ಪೈಪ್ ಬಿಟ್ಟು ಎದ್ದು ಬಂದು ಹಾಡುತ್ತಾ ಮೆರವಣಿಗೆ ಹೊರಡುತ್ತವೆ. ಮೊದಲ ಸಲ ದಾಟುವ ಅವಸರ ಬೇಡ, ಹಾಡು ಕೇಳಿ.

ಹೆಜ್ಜೆ 8: ಕೈ ಪಳಗಲು

ಲೆವೆಲ್ ಕಟ್ಟುವ ಆಟ ಸೂಪರ್ ಮಾರಿಯೋ ಮೇಕರ್ 2 ನಿಮ್ಮ ಹತ್ತಿರ ಇದ್ದರೆ ಅಭ್ಯಾಸದ ಲೆವೆಲ್ ನೀವೇ ಕಟ್ಟಿಕೊಳ್ಳಿ. ಮೊದಲ ಸಾಲಿನಲ್ಲಿ ಒಂದೇ ಎತ್ತರದ ಐದಾರು ಪೈಪ್, ನಡುವೆ ನಾಲ್ಕು ಇಟ್ಟಿಗೆ ಅಂತರ. ಸಲೀಸಾದ ಮೇಲೆ ಅಂತರವನ್ನು ಎರಡಕ್ಕೆ ಇಳಿಸಿ. ಆಮೇಲೆ ಎತ್ತರ ಏರುಪೇರು ಮಾಡಿ. ಆಮೇಲೆ ಒಂದು ಬಿಟ್ಟು ಒಂದು ಗಿಡವನ್ನು ಫೈರ್ ಪಿರಾನಾಕ್ಕೆ ಬದಲಿಸಿ. ಕೊನೆಗೆ ಕೆಲವನ್ನು ಪೈಪ್‌ನಿಂದ ತೆಗೆದು ನೆಲದ ಮೇಲೇ ಇಡಿ. ನೆಲದ ಮೇಲಿನ ಗಿಡ ಅಡಗುವುದೇ ಇಲ್ಲ, ಅದಕ್ಕೆ ಹತ್ತಿರ ಹೋದರೂ ಉಪಯೋಗವಿಲ್ಲ. ಅದನ್ನು ಹಾರಿಯೇ ದಾಟಬೇಕು. ಪೈಪ್‌ನ ಗಿಡಕ್ಕೂ ನೆಲದ ಗಿಡಕ್ಕೂ ಕೈ ಬೇರೆಬೇರೆಯಾಗಿ ಉತ್ತರ ಕೊಡಲು ಶುರು ಮಾಡಿದಾಗ ಲಾಸ್ಟ್ ಲೆವೆಲ್ಸ್‌ನ ಕೆಂಪು ಗಿಡಗಳ ಹತ್ತಿರ ಹೋಗಬಹುದು.